ಮನೆಯ ಸ್ಥಿರ ದೂರವಾಣಿಯ ಬಿಲ್ಲು ಏರಿದಾಗ ಮಾಡಬೇಕಾದ ಕೆಲಸಗಳು

ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಇಂದಿಗೂ ಒಂದು ಸ್ಥಿರ ದೂರವಾಣಿ ಇದೆ. ಅವ್ವನಿಗೆ ಮೊಬೈಲಿನ ಪರದೆಯ ಮೇಲೆ ಬೆರಳು ನಿಲ್ಲುವುದಿಲ್ಲ, ಅದರ ಧ್ವನಿಯೂ ಸರಿಯಾಗಿ ಕೇಳಿಸುವುದಿಲ್ಲ. ಆದರೆ ಲ್ಯಾಂಡ್‌ಲೈನಿನ ಗಂಟೆ ಅಡುಗೆಮನೆಯವರೆಗೂ ಕೇಳುತ್ತದೆ ಮತ್ತು ಅದರ ಸಂಖ್ಯೆ ಎಲ್ಲ ಬೀಗರ ಮನೆಗಳ ಗೋಡೆಯ ಮೇಲೂ ಬರೆದಿದೆ. ಎರಡು ವರ್ಷಗಳ ಹಿಂದೆ ಆ ಸಂಪರ್ಕದ ತಿಂಗಳ ಬಾಡಿಗೆ ಏರಿತು. ಕಾರಣ ಕೇಳಲು ಕೌಂಟರಿಗೆ ಹೋದಾಗ, "ಪ್ಲ್ಯಾನ್ ಬದಲಾಗೈತ್ರಿ, ಇದ್ರಾಗ ಇರೋದಿದ್ರ ಇರ್‍ರಿ, ಇಲ್ಲಂದ್ರ ಬರದು ಕೊಡ್ರಿ" ಎಂಬ ಉತ್ತರ ಸಿಕ್ಕಿತು. ಅಂದು ಬರಿಗೈಯಲ್ಲಿ ಹಿಂದಿರುಗಿದ ಮೇಲೆ, ಕಾಗದಪತ್ರಗಳನ್ನು ಹುಡುಕಿ, ನಿಯಮಗಳನ್ನು ಓದಿ, ಅರ್ಜಿ ಬರೆದು ನಾನು ಕಲಿತದ್ದನ್ನು ಅದೇ ಸ್ಥಿತಿಯಲ್ಲಿರುವ ಇತರರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸಿಟ್ಟಿನಲ್ಲಿ ಸಂಪರ್ಕವನ್ನು ಕಡಿಸುವುದಾಗಲಿ, ಬೇಸತ್ತು ಸುಮ್ಮನೆ ಹಣ ಕಟ್ಟುತ್ತ ಹೋಗುವುದಾಗಲಿ ಬೇಡ. ಮೊದಲು ಕಳೆದ ಒಂದು ವರ್ಷದ ಬಿಲ್ಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಿ. ಕಾಗದದ ಬಿಲ್ಲು ಬರುತ್ತಿಲ್ಲವಾದರೆ ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಂಡು ಮುದ್ರಿಸಿಟ್ಟುಕೊಳ್ಳಿ. ಪ್ರತಿ ಬಿಲ್ಲಿನಲ್ಲಿ ತಿಂಗಳ ಬಾಡಿಗೆ, ಕರೆಗಳ ಶುಲ್ಕ, ಹೆಚ್ಚುವರಿ ಸೇವೆಗಳ ಶುಲ್ಕ, ತಡವಾಗಿ ಕಟ್ಟಿದ್ದಕ್ಕೆ ದಂಡ, ಹಿಂದಿನ ಬಾಕಿ ಮತ್ತು ತೆರಿಗೆ ಬೇರೆಬೇರೆ ಸಾಲುಗಳಲ್ಲಿ ಇರುತ್ತವೆ. ಏರಿಕೆ ಯಾವ ಸಾಲಿನಲ್ಲಿ ಆಗಿದೆ ಎಂಬುದನ್ನು ಗುರುತಿಸದೆ ದೂರು ಕೊಟ್ಟರೆ ಅದಕ್ಕೆ ಸರಿಯಾದ ಉತ್ತರ ಬರುವುದಿಲ್ಲ. 2017ರ ಜುಲೈ 1ರಿಂದ ದೂರಸಂಪರ್ಕ ಸೇವೆಗಳ ಮೇಲೆ ಶೇಕಡ 18ರಷ್ಟು ಜಿಎಸ್‌ಟಿ ಇರುವುದರಿಂದ, ಬಾಡಿಗೆ 50 ರೂಪಾಯಿ ಏರಿದರೆ ನಮ್ಮ ಕೈಯಿಂದ ಹೋಗುವುದು 59 ರೂಪಾಯಿ. ಹೆಚ್ಚುವರಿ ಸೇವೆಗಳ ಸಾಲನ್ನು ವಿಶೇಷ ಗಮನವಿಟ್ಟು ನೋಡಿ. ಗ್ರಾಹಕನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಣ ವಿಧಿಸುವ ಯಾವ ಹೆಚ್ಚುವರಿ ಸೇವೆಯನ್ನೂ ಆರಂಭಿಸುವಂತಿಲ್ಲ ಎಂಬುದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, ಹಳೆಯ ನಿರ್ದೇಶನ. ನೀವು ಕೇಳದ ಸೇವೆಯ ಹೆಸರು ಅಲ್ಲಿ ಕಂಡರೆ ಅದನ್ನು ತೆಗೆಸಿ, ಕಟ್ಟಿದ ಹಣವನ್ನು ಮರಳಿ ಕೇಳಬೇಕು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಬೇಕು. ಸ್ಥಿರ ದೂರವಾಣಿಯ ದರ ಇಷ್ಟೇ ಇರಬೇಕೆಂದು ಸರ್ಕಾರ ನಿಗದಿ ಮಾಡುತ್ತದೆ ಎಂದು ಅನೇಕರು ನಂಬಿದ್ದಾರೆ, ನಾನೂ ನಂಬಿದ್ದೆ. ವಾಸ್ತವವಾಗಿ 1997ರಲ್ಲಿ ಸ್ಥಾಪನೆಯಾದ ಟ್ರಾಯ್ ಬಹುಪಾಲು ದೂರವಾಣಿ ದರಗಳನ್ನು ಸಂಸ್ಥೆಗಳ ತೀರ್ಮಾನಕ್ಕೆ ಬಿಟ್ಟಿದೆ. ಆದ್ದರಿಂದ ದರ ಹೆಚ್ಚಾಯಿತು ಎಂಬ ಒಂದೇ ಕಾರಣಕ್ಕೆ ಕೊಟ್ಟ ದೂರು ನಿಲ್ಲುವುದಿಲ್ಲ. ನಿಯಮ ಮೀರಿ ಹೆಚ್ಚಿಸಿದ್ದಾರೆ, ಹೇಳಿದ್ದೊಂದು ವಿಧಿಸಿದ್ದೊಂದು, ಒಪ್ಪಿಗೆ ಇಲ್ಲದೆ ಯೋಜನೆ ಬದಲಿಸಿದ್ದಾರೆ ಎಂಬ ಆಧಾರದ ಮೇಲೆ ಕೊಟ್ಟ ದೂರು ನಿಲ್ಲುತ್ತದೆ.

ಅಂತಹ ನಿಯಮಗಳಲ್ಲಿ ಅತಿ ಮುಖ್ಯವಾದದ್ದು ಆರು ತಿಂಗಳ ರಕ್ಷಣೆ. ಟ್ರಾಯ್ 2006ರಲ್ಲಿ ತನ್ನ ದರ ಆದೇಶಕ್ಕೆ ತಂದ ತಿದ್ದುಪಡಿಯಂತೆ, ಗ್ರಾಹಕನು ಒಂದು ಯೋಜನೆಗೆ ಸೇರಿದ ದಿನದಿಂದ ಆರು ತಿಂಗಳವರೆಗೆ ಆ ಯೋಜನೆಯ ಯಾವುದೇ ದರವನ್ನು ಸಂಸ್ಥೆ ಅವನ ಮಟ್ಟಿಗೆ ಹೆಚ್ಚಿಸುವಂತಿಲ್ಲ. ಗ್ರಾಹಕನಿಗೆ ಮಾತ್ರ ಆ ಅವಧಿಯೊಳಗೂ ಬೇರೆ ಯೋಜನೆಗೆ ಹೋಗುವ ಸ್ವಾತಂತ್ರ್ಯ ಉಂಟು. ಆರು ತಿಂಗಳಿಗಿಂತ ಹೆಚ್ಚಿನ ಅವಧಿಗೆಂದು ಮುಂಗಡ ಹಣ ಪಡೆದು ಕೊಟ್ಟ ಯೋಜನೆಯಾದರೆ, ಆ ಪೂರ್ತಿ ಅವಧಿಗೆ ರಕ್ಷಣೆ ಮುಂದುವರಿಯುತ್ತದೆ. ಬಾಡಿಗೆ ಪದೇಪದೇ ಏರುತ್ತಿರುವಾಗ ವರ್ಷದ ಹಣವನ್ನು ಒಮ್ಮೆಲೇ ಕಟ್ಟುವುದು ಒಂದು ಉಪಾಯವೆಂದು ನಾನು ಭಾವಿಸುವುದು ಇದಕ್ಕಾಗಿಯೇ. ಆದರೆ ಮಧ್ಯದಲ್ಲಿ ಬಿಟ್ಟರೆ ಉಳಿದ ಹಣ ಮರಳುತ್ತದೆಯೇ ಎಂಬುದನ್ನು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಬೇಕು. ಈ ಲೆಕ್ಕಕ್ಕೆಲ್ಲ ಬೇಕಾಗುವ ಒಂದೇ ಆಧಾರವೆಂದರೆ ಯೋಜನೆಗೆ ಸೇರಿದ ದಿನಾಂಕ. ಅದು ಯಾವುದೆಂದು ಸಂಸ್ಥೆಯಿಂದ ಬರಹದಲ್ಲಿ ಪಡೆಯುವುದು ಮೊದಲ ಕೆಲಸ. ನಮ್ಮ ವಿಷಯದಲ್ಲಿ ನಾವು ಸೇರಿ ನಾಲ್ಕೂವರೆ ತಿಂಗಳಿಗೇ ಬಾಡಿಗೆ ಏರಿಸಿದ್ದರು. ಆ ದಿನಾಂಕ ಕೈಗೆ ಸಿಕ್ಕಿದ ಮೇಲೆ ಕೌಂಟರಿನ ಧ್ವನಿಯೂ ಬದಲಾಯಿತು.

ದರ ಏರದೆಯೂ ಸೇವೆ ದುಬಾರಿಯಾಗುವ ದಾರಿಯೊಂದಿದೆ, ಅದು ಷರತ್ತುಗಳ ಬದಲಾವಣೆ. 2015ರ ಮಾರ್ಚ್ 1ರಿಂದ ಸ್ಥಿರ ದೂರವಾಣಿಯಿಂದ ಹೋಗುವ ಕರೆಗೆ ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡಬೇಕಿದ್ದ ಶುಲ್ಕವನ್ನು ಟ್ರಾಯ್ ಶೂನ್ಯಕ್ಕೆ ಇಳಿಸಿತು. ಅದೇ ವರ್ಷದ ಮೇ 1ರಿಂದ ಬಿಎಸ್‌ಎನ್‌ಎಲ್ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಲ್ಯಾಂಡ್‌ಲೈನಿನಿಂದ ಉಚಿತ ಕರೆಗಳನ್ನು ಕೊಟ್ಟಿತು, 2016ರ ಆಗಸ್ಟ್ 15ರಿಂದ ಭಾನುವಾರವಿಡೀ ಉಚಿತವಾಯಿತು. 2018ರ ಆರಂಭದಲ್ಲಿ ರಾತ್ರಿಯ ಅವಧಿಯನ್ನು 10.30ರಿಂದ 6ಕ್ಕೆ ಕುಗ್ಗಿಸಲಾಯಿತು, ಭಾನುವಾರದ ಸೌಲಭ್ಯ ನಿಂತಿತು. ಊಟ ಮುಗಿಸಿ ಒಂಬತ್ತೂವರೆಗೆ ಪುಣೆಯಲ್ಲಿರುವ ಮಗಳಿಗೆ ಫೋನು ಮಾಡುವ ರೂಢಿ ಇದ್ದ ಮನೆಯಲ್ಲಿ, ಬಾಡಿಗೆಯ ಸಾಲು ಹಾಗೆಯೇ ಇದ್ದರೂ ಕರೆಗಳ ಸಾಲು ಬೆಳೆಯುವುದು ಹೀಗೆ. ಆದ್ದರಿಂದ ಉಚಿತ ಅಥವಾ ಅನಿಯಮಿತ ಎಂಬ ಪದ ಕಂಡಲ್ಲೆಲ್ಲ ಯಾವ ಹೊತ್ತಿಗೆ, ಯಾವ ಸಂಖ್ಯೆಗಳಿಗೆ, ಎಷ್ಟರವರೆಗೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬಿಲ್ಲಿನ ಹಿಂಬದಿಯಲ್ಲಿಯೇ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ.

ಷರತ್ತುಗಳ ಪೈಕಿ ಹೆಚ್ಚು ತೊಂದರೆ ಕೊಡುವುದು ಬರೀ ಫೋನು ಬೇಕೆಂದವರಿಗೂ ಇಂಟರ್‌ನೆಟ್ ಸೇರಿಸಿದ ಯೋಜನೆಯನ್ನೇ ಮುಂದಿಡುವುದು. ತಾಮ್ರದ ತಂತಿಯನ್ನು ತೆಗೆದು ಫೈಬರ್‌ಗೆ ಬದಲಿಸುವಾಗ ಇದು ಸಾಮಾನ್ಯವಾಗಿ ನಡೆಯುತ್ತದೆ. ಬದಲಾವಣೆಗೆ ಒಪ್ಪುವ ಮೊದಲು ಕೇವಲ ಕರೆಗಳ ಯೋಜನೆ ಇದೆಯೇ, ಹಳೆಯ ಸಂಖ್ಯೆಯೇ ಉಳಿಯುತ್ತದೆಯೇ, ಗೋಡೆಗೆ ಹಾಕುವ ಯಂತ್ರ ಯಾರದು, ಅದಕ್ಕೆ ಬಾಡಿಗೆ ಅಥವಾ ಠೇವಣಿ ಎಷ್ಟು, ಕೆಟ್ಟರೆ ಖರ್ಚು ಯಾರದು ಎಂಬುದನ್ನು ತಿಳಿಯಿರಿ. ಇನ್ನೊಂದು ವಿಷಯವನ್ನು ಮಾರಾಟದವರು ತಾವಾಗಿ ಹೇಳುವುದು ಅಪರೂಪ. ತಾಮ್ರದ ಲೈನಿಗೆ ವಿದ್ಯುತ್ತು ದೂರವಾಣಿ ವಿನಿಮಯ ಕೇಂದ್ರದಿಂದಲೇ, 48 ವೋಲ್ಟಿನ ಬ್ಯಾಟರಿಗಳಿಂದ, ತಂತಿಯಲ್ಲೇ ಬರುತ್ತದೆ. ಮನೆಯಲ್ಲಿ ಕರೆಂಟು ಹೋದರೂ ಸಾದಾ ಫೋನು ಕೆಲಸ ಮಾಡುವುದು ಅದರಿಂದಲೇ. ಫೈಬರ್ ಎಂಬುದು ಗಾಜಿನ ಎಳೆ, ಅದು ವಿದ್ಯುತ್ತನ್ನು ಹೊರುವುದಿಲ್ಲ. ಬೇಸಿಗೆಯ ರಾತ್ರಿ ಕರೆಂಟು ಹೋದಾಗ, ಮನೆಯ ಯಂತ್ರ ಆರಿತೆಂದರೆ ಫೋನೂ ಮೂಕವಾಗುತ್ತದೆ. ವಯಸ್ಸಾದವರು ಒಬ್ಬರೇ ಇರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಅಲ್ಲಿ ಆ ಯಂತ್ರವನ್ನು ಇನ್ವರ್ಟರಿನ ಸಾಲಿಗೆ ಸೇರಿಸಬೇಕು, ಇಲ್ಲವೇ ಅದಕ್ಕೆಂದೇ ಸಿಗುವ ಸಣ್ಣ ಯುಪಿಎಸ್ ಕೊಂಡು ಜೋಡಿಸಬೇಕು. ಆ ಖರ್ಚನ್ನೂ ಹೊಸ ಯೋಜನೆಯ ಬೆಲೆಯ ಭಾಗವೆಂದೇ ಎಣಿಸಬೇಕು.

ಸಂಸ್ಥೆಗಳಿಗೆ ಧೈರ್ಯ ಕೊಡುವ ಸಂಗತಿಯೆಂದರೆ ಸ್ಥಿರ ದೂರವಾಣಿಯ ಸಂಖ್ಯೆಯನ್ನು ನಾವು ಬೇರೆ ಸಂಸ್ಥೆಗೆ ಒಯ್ಯಲಾಗದಿರುವುದು. 2011ರ ಜನವರಿಯಲ್ಲಿ ದೇಶದಾದ್ಯಂತ ಜಾರಿಗೆ ಬಂದ ಸಂಖ್ಯೆ ಉಳಿಸಿಕೊಂಡು ಸಂಸ್ಥೆ ಬದಲಿಸುವ ಸೌಲಭ್ಯ ಮೊಬೈಲಿಗೆ ಮಾತ್ರ. 08352 ಸಂಕೇತದ ನಮ್ಮ ವಿಜಯಪುರದ ಸಂಖ್ಯೆಯಾಗಲಿ, ಬೆಳಗಾವಿಯ 0831, ಬಾಗಲಕೋಟೆಯ 08354 ಸಂಖ್ಯೆಯಾಗಲಿ, ಸಂಸ್ಥೆ ಬಿಟ್ಟ ದಿನ ಕೈಬಿಟ್ಟು ಹೋಗುತ್ತದೆ. ಮನೆ ಬದಲಿಸುವವರಿಗೂ ಇದೇ ಆತಂಕ. ಹಳೆಯ ಬಾಗಲಕೋಟೆಯಿಂದ ನವನಗರಕ್ಕೆ ಮನೆ ಸಾಗಿಸುವವರು, ಹೊಸ ವಿಳಾಸದಲ್ಲಿ ಲೈನು ಸಿಗುತ್ತದೆಯೇ ಮತ್ತು ಅದೇ ಸಂಖ್ಯೆ ಬರುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡ ಮೇಲೆಯೇ ಸ್ಥಳಾಂತರದ ಅರ್ಜಿಗೆ ಸಹಿ ಹಾಕುವುದು ಒಳ್ಳೆಯದು.

ಅರ್ಜಿ ಬರೆಯುವ ಮೊದಲು ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ನೋಡಿ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ತೀರಿಹೋದ ಹಿರಿಯರ ಹೆಸರಿನಲ್ಲಿಯೇ ಬಿಲ್ಲು ಬರುತ್ತಿರುತ್ತದೆ, ಮನೆಯವರೂ ಅದನ್ನು ಬದಲಿಸಲು ಮನಸ್ಸು ಮಾಡಿರುವುದಿಲ್ಲ. ಆ ಭಾವನೆ ನನಗೆ ಅರ್ಥವಾಗುತ್ತದೆ, ಅಪ್ಪನ ಹೆಸರನ್ನು ತೆಗೆಸಲು ಅವ್ವ ಒಪ್ಪಿದ್ದು ಬಹಳ ದಿನಗಳ ಮೇಲೆ. ಆದರೆ ಹೆಸರು ಬದಲಾಗದಿದ್ದರೆ ಯೋಜನೆ ಬದಲಾವಣೆ, ಸ್ಥಳಾಂತರ, ಠೇವಣಿ ವಾಪಸಾತಿ ಎಲ್ಲವೂ ಕೌಂಟರಿನಲ್ಲಿಯೇ ತಡೆಯುತ್ತವೆ. ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಅರ್ಜಿದಾರರ ಗುರುತಿನ ಚೀಟಿ ಮತ್ತು ಕೊನೆಯ ಬಿಲ್ಲು ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು.

ದೂರನ್ನು ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಬಿಲ್ಲಿನ ಮೇಲಿರುವ ಗ್ರಾಹಕ ಸೇವೆಯ ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ಡಾಕೆಟ್ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳಂತೆ ಪ್ರತಿ ದೂರಿಗೂ ಆ ಸಂಖ್ಯೆ ಕೊಡುವುದು ಸಂಸ್ಥೆಯ ಕರ್ತವ್ಯ. ಜೊತೆಗೆ ಒಂದು ಪತ್ರವನ್ನು ಕೊಟ್ಟು ಅದರ ಪ್ರತಿಯ ಮೇಲೆ ಮುದ್ರೆ ಮತ್ತು ದಿನಾಂಕ ಹಾಕಿಸಿಕೊಳ್ಳಿ. ಪತ್ರ ಉದ್ದವಾಗಿರಬೇಕಿಲ್ಲ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಮಾನ್ಯರೇ, ಮೇಲೆ ಕಾಣಿಸಿದ ಸಂಖ್ಯೆಯ ಸಂಪರ್ಕವು ಇಂಥ ದಿನಾಂಕದಂದು ಇಂಥ ಯೋಜನೆಗೆ ಸೇರಿರುತ್ತದೆ. ಆರು ತಿಂಗಳು ತುಂಬುವ ಮೊದಲೇ ಮಾಸಿಕ ಬಾಡಿಗೆಯನ್ನು ಹೆಚ್ಚಿಸಿ ಬಿಲ್ಲು ನೀಡಲಾಗಿದೆ. ಈ ಬದಲಾವಣೆಗೆ ನಮ್ಮ ಒಪ್ಪಿಗೆ ಪಡೆದಿರುವುದಿಲ್ಲ. ಹೆಚ್ಚುವರಿಯಾಗಿ ಪಡೆದ ಮೊತ್ತವನ್ನು ತೆರಿಗೆ ಸಹಿತ ಮುಂದಿನ ಬಿಲ್ಲಿನಲ್ಲಿ ಹೊಂದಿಸಿ, ಯೋಜನೆಯ ಎಲ್ಲ ಷರತ್ತುಗಳ ಪ್ರತಿಯನ್ನು ಒದಗಿಸಬೇಕೆಂದು ಕೋರುತ್ತೇನೆ. ಬಿಲ್ಲನ್ನು ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ."

ಕೊನೆಯ ವಾಕ್ಯಕ್ಕೆ ಕಾರಣವಿದೆ. ಹಣ ಕಟ್ಟದೆ ಪಟ್ಟು ಹಿಡಿದರೆ ಲೈನು ಕಡಿದು, ವಿವಾದದ ವಿಷಯವೇ ಬೇರೆಯಾಗಿಬಿಡುತ್ತದೆ. ಸಾಧ್ಯವಿದ್ದವರು ಕಟ್ಟಿಯೇ ಆಕ್ಷೇಪಿಸುವುದು ಕ್ಷೇಮ.

ನಿಗದಿತ ಅವಧಿಯಲ್ಲಿ ಪರಿಹಾರ ಸಿಗದಿದ್ದರೆ, ಆ ಅವಧಿ ಮುಗಿದ 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ಮೇಲ್ಮನವಿಯನ್ನು 39 ದಿನಗಳಲ್ಲಿ ತೀರ್ಮಾನಿಸಬೇಕು. ಅದರ ವಿಳಾಸ ಸಂಸ್ಥೆಯ ಜಾಲತಾಣದಲ್ಲಿ ಇರುತ್ತದೆ. ಟ್ರಾಯ್‌ಗೆ ನೇರವಾಗಿ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವವರನ್ನು ನಾನು ಕಂಡಿದ್ದೇನೆ. ಬಿಡಿ ಗ್ರಾಹಕರ ದೂರುಗಳನ್ನು ಟ್ರಾಯ್ ತಾನಾಗಿ ವಿಚಾರಣೆ ಮಾಡುವುದಿಲ್ಲ, ಸಂಸ್ಥೆಗೆ ಕಳುಹಿಸುತ್ತದೆ ಅಷ್ಟೆ. ದುರಸ್ತಿಯ ವಿಷಯಕ್ಕೂ ಇದೇ ಕ್ರಮ. ಸ್ಥಿರ ದೂರವಾಣಿ ಕೆಟ್ಟು ಮೂರು ದಿನ ಮೀರಿದರೆ ಬಾಡಿಗೆಯಲ್ಲಿ ರಿಯಾಯಿತಿ ಸಲ್ಲಬೇಕು. ಮಳೆಗಾಲದಲ್ಲಿ ಕೇಬಲ್ಲಿಗೆ ನೀರು ಹೊಕ್ಕು ವಾರಗಟ್ಟಲೆ ಸತ್ತ ಲೈನಿಗೆ ಪೂರ್ತಿ ಬಾಡಿಗೆ ಕಟ್ಟುತ್ತ ಬಂದವರು, ಡಾಕೆಟ್ ಸಂಖ್ಯೆಗಳನ್ನು ಜೋಡಿಸಿ ಈ ರಿಯಾಯಿತಿಯನ್ನು ಕೇಳಲೇಬೇಕು.

ಮೇಲ್ಮನವಿಯೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ದೂರವಾಣಿ ವ್ಯಾಜ್ಯಗಳು ಅಲ್ಲಿ ನಡೆಯುವುದಿಲ್ಲ ಎಂದು ಕೆಲವು ವಕೀಲರೂ ಹೇಳುವುದುಂಟು. 2009ರ ಸುಪ್ರೀಂ ಕೋರ್ಟ್ ತೀರ್ಪೊಂದರಿಂದ ಆ ಅಭಿಪ್ರಾಯ ಬೇರೂರಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಸಂಪರ್ಕವನ್ನು ಸೇವೆಯ ವ್ಯಾಖ್ಯೆಯಲ್ಲಿ ಹೆಸರಿಸಿಯೇ ಸೇರಿಸಿದೆ. ಟೆಲಿಗ್ರಾಫ್ ಕಾಯ್ದೆಯ ಮಧ್ಯಸ್ಥಿಕೆಯ ಕಲಮು ಗ್ರಾಹಕರ ಆಯೋಗಗಳ ಅಧಿಕಾರವನ್ನು ಕಸಿಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿ 16ರಂದು ತೀರ್ಪು ನೀಡಿದೆ. ನೀವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷಗಳೊಳಗೆ ಸಲ್ಲಿಸಬೇಕು, ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಅತಿಯಾದ ಠೇವಣಿ, ಮಿತಿಮೀರಿದ ದಂಡ ಮುಂತಾದ ಷರತ್ತುಗಳುಳ್ಳ ಕರಾರನ್ನೇ ಅನ್ಯಾಯದ ಕರಾರೆಂದು ಪ್ರಶ್ನಿಸುವುದಾದರೆ ಮಾತ್ರ ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆ. ಇದಕ್ಕೆಲ್ಲ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ಕರೆ ಮಾಡಿ ನೋಡುವುದು ಒಳಿತು. ನಮ್ಮ ದೂರು ಮೇಲ್ಮನವಿಯ ಹಂತದಲ್ಲಿಯೇ ಮುಗಿಯಿತು, ಹೆಚ್ಚುವರಿ ಹಣ ಎರಡು ಬಿಲ್ಲುಗಳಲ್ಲಿ ಹೊಂದಿಕೆಯಾಯಿತು.

ಇಷ್ಟಾದ ಮೇಲೂ ಆರು ತಿಂಗಳು ಕಳೆದು ದರ ಏರಿದಾಗ ಹೊರಬರುವುದೇ ಸರಿ ಎನಿಸಬಹುದು. ಮಕ್ಕಳ ಬಳಿ ಕೆಲವು ತಿಂಗಳು ಇದ್ದು ಬರುವವರಾದರೆ, ಸಂಖ್ಯೆ ಉಳಿಸಿಕೊಂಡು ಸೇವೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸೇಫ್ ಕಸ್ಟಡಿ ಸೌಲಭ್ಯ ಇದೆಯೇ ಎಂದು ಕೇಳಿ. ಪೂರ್ತಿ ಬಿಡುವುದಾದರೆ ಅರ್ಜಿಯ ಸ್ವೀಕೃತಿ, ಉಪಕರಣ ಹಿಂದಿರುಗಿಸಿದ ರಸೀದಿ, ಬಾಕಿ ಇಲ್ಲವೆಂಬ ಪತ್ರ ಈ ಮೂರನ್ನೂ ಪಡೆಯದೆ ಕೌಂಟರಿನಿಂದ ಏಳಬೇಡಿ. ಠೇವಣಿಯ ಮೂಲ ರಸೀದಿ ಸಿಗದಿದ್ದರೆ ಹಳೆಯ ಬಿಲ್ಲುಗಳಲ್ಲಿ ಠೇವಣಿಯ ಮೊತ್ತ ನಮೂದಾಗಿರುತ್ತದೆಯೇ ನೋಡಿ. ಆ ಸಂಖ್ಯೆಯನ್ನು ಬ್ಯಾಂಕು, ಅಂಚೆ ಕಚೇರಿ, ಗ್ಯಾಸ್ ಏಜೆನ್ಸಿ, ವೈದ್ಯರ ಕಡತ ಎಲ್ಲೆಲ್ಲಿ ಕೊಟ್ಟಿದ್ದೀರೋ ಅಲ್ಲೆಲ್ಲ ಹೊಸ ಸಂಖ್ಯೆ ಬರೆಸಿದ ನಂತರವೇ ಅರ್ಜಿ ಕೊಡಿ, ಏಕೆಂದರೆ ಒಮ್ಮೆ ಬಿಟ್ಟ ಸಂಖ್ಯೆ ಮರಳಿ ಸಿಗುತ್ತದೆಂಬ ಭರವಸೆಯಿಲ್ಲ.