ಎನ್‌ಎಚ್ 44: ಯಾವ ಊರಿಗೆ ಎಷ್ಟು ಗಂಟೆಗೆ

ಬೆಂಗಳೂರಿನಿಂದ ದೆಹಲಿ ಕಡೆಗೆ ಕಾರಿನಲ್ಲಿ ಹೋಗುತ್ತೇವೆ ಅಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ? ನಾನು ಆ ಲೆಕ್ಕ ಇಡುವುದಿಲ್ಲ. ಈ ರಸ್ತೆಯ ಒಂದೊಂದು ತುಂಡಿಗೂ ಅದರದ್ದೇ ಹೊತ್ತು ಇದೆ. ಆ ಹೊತ್ತಿಗೆ ಅಲ್ಲಿದ್ದರೆ ಆರಾಮ, ತಪ್ಪಿದರೆ ಅದೇ ರಸ್ತೆ ಜೀವ ಹಿಂಡುತ್ತದೆ. ಅದಕ್ಕೇ ನಾನೂ ನನ್ನ ಹೆಂಡತಿಯೂ ಹೊರಡುವ ಮೊದಲು ಒಂದು ಹಾಳೆಯಲ್ಲಿ ಊರಿನ ಹೆಸರು, ಅದರ ಮುಂದೆ ಗಂಟೆ ಬರೆದುಕೊಳ್ಳುತ್ತೇವೆ. ಓಡಿಸುವುದು ಇಬ್ಬರೂ ಸರದಿಯಲ್ಲಿ. ಆ ಹಾಳೆಯನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ರಸ್ತೆಯ ಬಗ್ಗೆ ಒಂದೆರಡು ಮಾತು. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ಇದು ದೇಶದ ಅತಿ ಉದ್ದದ ರಾಷ್ಟ್ರೀಯ ಹೆದ್ದಾರಿ. 2010ರಲ್ಲಿ ಹೆದ್ದಾರಿಗಳ ನಂಬರ್ ಬದಲಾಯಿಸಿದಾಗ ಹಲವು ಹಳೆಯ ರಸ್ತೆಗಳನ್ನು ಸೇರಿಸಿ 44 ಅಂತ ಮಾಡಿದರು. ನಮ್ಮ ಕಡೆಯದು ಹಳೇ ಎನ್‌ಎಚ್ 7. ಊರೊಳಗೆ ನಾವು ಹೆಬ್ಬಾಳದ ಕಡೆ ಬಳ್ಳಾರಿ ರೋಡ್ ಅಂತೀವಿ, ಅತ್ತಿಬೆಲೆ ಕಡೆ ಹೊಸೂರು ರೋಡ್ ಅಂತೀವಿ, ಎರಡೂ ಇದೇ ಹೆದ್ದಾರಿ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,150 ಕಿಲೋಮೀಟರ್ ಆಗುತ್ತದೆ.

ಹೆಬ್ಬಾಳ ಫ್ಲೈಓವರ್ ಬೆಳಗಿನ ಜಾವ 4.30ಕ್ಕೆ. ಇದರಲ್ಲಿ ರಾಜಿ ಇಲ್ಲ. ಆ ಹೊತ್ತಿಗೂ ಏರ್‌ಪೋರ್ಟ್ ಟ್ಯಾಕ್ಸಿಗಳು ಓಡುತ್ತಿರುತ್ತವೆ, ಆದರೆ ದೇವನಹಳ್ಳಿ ದಾಟಿದ ಮೇಲೆ ರಸ್ತೆ ಖಾಲಿ. ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯಲ್ಲಿ ಟ್ಯಾಂಕ್ ಫುಲ್ ಮಾಡಿಸುತ್ತೇವೆ. ಗಡಿ ದಾಟಿದರೆ ಆಂಧ್ರ, ಆಮೇಲೆ ತೆಲಂಗಾಣ. ಎರಡು ಕಡೆಯೂ ಪೆಟ್ರೋಲ್, ಡೀಸೆಲ್ ನಮಗಿಂತ ದುಬಾರಿ. ಇದೇ ಲೆಕ್ಕದಲ್ಲಿ ಮುಂದೆ ನಾಗ್ಪುರದಲ್ಲಿ ತುಂಬಿಸುತ್ತೇವೆ, ಏಕೆಂದರೆ ಮಧ್ಯಪ್ರದೇಶದಲ್ಲಿ ದರ ಮತ್ತೆ ಜಾಸ್ತಿ. ಆಮೇಲೆ ಉತ್ತರ ಪ್ರದೇಶದ ಲಲಿತಪುರದವರೆಗೆ ಎಳೆದುಕೊಂಡು ಹೋಗುತ್ತೇವೆ. ಮೂರು ಕಡೆ ಸರಿಯಾಗಿ ತುಂಬಿಸಿದರೆ ಉಳಿಯುವ ದುಡ್ಡು ಕಡಿಮೆ ಏನಲ್ಲ.

ಬೆಳಕು ಹರಿಯುವ ಹೊತ್ತಿಗೆ ಪೆನುಕೊಂಡದ ಬೆಟ್ಟ ಕಾಣಿಸುತ್ತದೆ. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಊರು ಇದು. ಅನಂತಪುರ ದಾಟಿ ಪಾಮಿಡಿ ಹತ್ತಿರ ಪೆನ್ನಾ ನದಿಯ ಸೇತುವೆ ಬರುತ್ತದೆ. ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯೇ ಅದು. ಕತ್ತಲಲ್ಲಿ ಅದು ಹುಟ್ಟುವ ಬೆಟ್ಟದ ಪಕ್ಕ ಹಾದು ಬಂದು, ಬೆಳಕಿನಲ್ಲಿ ಇಷ್ಟಗಲದ ಮರಳ ಹಾಸಾಗಿ ಅದನ್ನೇ ಮತ್ತೆ ದಾಟುತ್ತೇವಲ್ಲ, ನನಗೆ ಈ ದಾರಿಯಲ್ಲಿ ತುಂಬಾ ಇಷ್ಟದ ಜಾಗ. ಮುಂದೆ ಕರ್ನೂಲಿನಲ್ಲಿ ತುಂಗಭದ್ರೆ, ಬೀಚುಪಲ್ಲಿಯಲ್ಲಿ ಕೃಷ್ಣೆ. ಇವೆರಡರ ಮಧ್ಯೆ ಸ್ವಲ್ಪ ಒಳಗೆ ಹೋದರೆ ಆಲಂಪುರ. ಬಾದಾಮಿ ಚಾಲುಕ್ಯರು ಕಟ್ಟಿದ ನವಬ್ರಹ್ಮ ದೇವಾಲಯಗಳು ಅಲ್ಲಿವೆ. ಬಾದಾಮಿ, ಪಟ್ಟದಕಲ್ಲು ನೋಡಿದವರು ಇಲ್ಲಿಗೆ ಒಂದು ಸಲ ಹೋಗಲೇಬೇಕು. ಆದರೆ ಅದನ್ನು ವಾಪಸ್ ಬರುವಾಗ ಇಟ್ಟುಕೊಳ್ಳಿ. ಹೋಗುವಾಗ ಹೈದರಾಬಾದ್ ಸಮಯ ಕಾಯುತ್ತಿರುತ್ತದೆ.

ಹೈದರಾಬಾದ್ ಮಧ್ಯಾಹ್ನ 12.30ರ ಒಳಗೆ. ಊರೊಳಗೆ ಹೋಗುವುದೇ ಬೇಡ. ಶಂಶಾಬಾದ್‌ನಲ್ಲಿ ಔಟರ್ ರಿಂಗ್ ರೋಡ್ ಹತ್ತಿ, ಪಟಾನ್‌ಚೆರು ಕಡೆಯಿಂದ ಸುತ್ತಿ ಮೇಡ್ಚಲ್‌ನಲ್ಲಿ ಇಳಿದರೆ ಮತ್ತೆ 44 ಸಿಗುತ್ತದೆ. ಇಲ್ಲಿ ಒಂದು ವಿಷಯ ಗಮನಿಸಿ. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ ಫಾಸ್ಟ್‌ಟ್ಯಾಗ್ ವಾರ್ಷಿಕ ಪಾಸ್ ಬಂತು. ಶುರುವಿನಲ್ಲಿ 3,000 ರೂಪಾಯಿ, ಒಂದು ವರ್ಷ ಅಥವಾ 200 ಟೋಲ್, ಯಾವುದು ಮೊದಲೋ ಅದು. ಈ ದಾರಿಯಲ್ಲಿ ಒಂದು ಸಲ ಹೋಗಿ ಬರುವವರಿಗೇ ಅದು ಲಾಭ. ಆದರೆ ಅದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಹೈದರಾಬಾದ್ ರಿಂಗ್ ರೋಡಿಗೂ, ಮುಂದೆ ಆಗ್ರಾದಿಂದ ದೆಹಲಿ ಕಡೆಗೆ ಹೋಗುವ ಯಮುನಾ ಎಕ್ಸ್‌ಪ್ರೆಸ್‌ವೇಗೂ ನಡೆಯುವುದಿಲ್ಲ. ಹಾಗಾಗಿ ಟ್ಯಾಗ್‌ನಲ್ಲಿ ಬೇರೆ ದುಡ್ಡು ಇರಲೇಬೇಕು.

ಸಂಜೆ 5.30ಕ್ಕೆ ಎಲ್ಲಿದ್ದೇವೋ ಅಲ್ಲೇ ರೂಮ್. ಸಾಮಾನ್ಯವಾಗಿ ಕಾಮಾರೆಡ್ಡಿ, ಎಲ್ಲ ಚೆನ್ನಾಗಿ ನಡೆದರೆ ಗೋದಾವರಿ ದಾಟಿ ನಿರ್ಮಲ್. ಇನ್ನೊಂದು ಗಂಟೆ ಓಡಿಸಿದರೆ ಆದಿಲಾಬಾದ್ ಮುಟ್ಟಬಹುದಲ್ಲ ಅಂತ ಆಸೆ ಆಗುತ್ತದೆ. ಬೇಡ. ನಿರ್ಮಲ್‌ನಿಂದ ಮುಂದೆ ಪೆನ್‌ಗಂಗಾ ದಾಟಿ ಹಿಂಗಣಘಾಟ್‌ವರೆಗೂ ಹತ್ತಿಯ ಸೀಮೆ. ಸುಗ್ಗಿಯ ಕಾಲದಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರ್‌ಗಳು ರಸ್ತೆಗಿಂತ ಅಗಲವಾಗಿ ಬರುತ್ತವೆ. ಹಿಂದೆ ಲೈಟ್ ಇರುವುದಿಲ್ಲ, ರಿಫ್ಲೆಕ್ಟರ್ ಇರುವುದಿಲ್ಲ, ಯೂ ಟರ್ನ್ ದೂರ ಇದ್ದರೆ ರಾಂಗ್ ಸೈಡಲ್ಲೇ ಬರುತ್ತಾರೆ. ಹಗಲಲ್ಲಿ ಇದು ದೂರದಿಂದಲೇ ಕಾಣುತ್ತದೆ. ರಾತ್ರಿ 90ರಲ್ಲಿ ಹೋಗುತ್ತಿದ್ದರೆ ಕಾಣುವ ಹೊತ್ತಿಗೆ ಬ್ರೇಕ್ ಹಾಕಲು ಜಾಗ ಉಳಿದಿರುವುದಿಲ್ಲ.

ಟೈರ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ದಾರಿಯಲ್ಲಿ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಅದರ ಬಗ್ಗೆಯೇ. ಟೈರ್ ಬದಿಯಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ಟೈರಿನ ಮೇಲ್ಮೈಯ ಗುಂಡಿ ಎಷ್ಟೇ ಸವೆಯದೆ ಉಳಿದಿರಲಿ, ಹಳೆಯ ಟೈರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅದರಲ್ಲಿ ಇಷ್ಟು ದೂರ ಹೋಗಬೇಡಿ. ಸ್ಟೆಪ್ನಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ. ಗಾಳಿಯನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಬೇಕು. ಮಧ್ಯಾಹ್ನ ಸಿಮೆಂಟ್ ರಸ್ತೆಯಲ್ಲಿ ಓಡಿದ ಟೈರ್‌ನಲ್ಲಿ ಮೀಟರ್ ಹೆಚ್ಚು ತೋರಿಸುವುದು ಸಹಜ, ಬಂಕ್ ಹುಡುಗ ಕಡಿಮೆ ಮಾಡಲಾ ಅಂದರೆ ಬೇಡ ಅನ್ನಿ. ಆಗ ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಟೈರ್ ಮೆತ್ತಗಾಗುತ್ತದೆ. ಮೆತ್ತಗಿರುವ ಟೈರ್ ವೇಗದಲ್ಲಿ ಇನ್ನೂ ಬಿಸಿಯಾಗಿ ಸಿಡಿಯುತ್ತದೆ.

ಮರುದಿನ ಬೆಳಕು ಹರಿದ ಮೇಲೆ ಹೊರಟು ನಾಗ್ಪುರದ ಬೈಪಾಸ್ ಹತ್ತು, ಹನ್ನೊಂದು ಗಂಟೆಗೆ. ಆಮೇಲೆ ಪೆಂಚ್ ಕಾಡು. ಈ ರಸ್ತೆ ಅಗಲ ಮಾಡುವುದು ಕಾಡಿನ ಕಾರಣಕ್ಕೆ ವರ್ಷಗಟ್ಟಲೆ ನಿಂತಿತ್ತು, ಕೋರ್ಟ್‌ಗೂ ಹೋಗಿತ್ತು. ಕೊನೆಗೆ ಪ್ರಾಣಿಗಳು ಕೆಳಗೆ ಓಡಾಡಲಿ ಅಂತ ರಸ್ತೆಯನ್ನೇ ಮೇಲೆತ್ತಿ ಕಟ್ಟಿದರು. ಮಹಾರಾಷ್ಟ್ರದ ಭಾಗದಲ್ಲೇ ಇಂಥ 9 ದಾರಿಗಳಿವೆ, ಅತಿ ಉದ್ದದ್ದು 750 ಮೀಟರ್. ಹುಲಿಗಳೂ ಇವುಗಳ ಕೆಳಗೆ ದಾಟಿದ್ದು ಕ್ಯಾಮೆರಾಗಳಲ್ಲಿ ಸಿಕ್ಕಿದೆ. ಮುಂದೆ ಮಧ್ಯಪ್ರದೇಶದ ಕಡೆ ಸದ್ದು, ಬೆಳಕು ಕಾಡಿಗೆ ಹೋಗದಂತೆ ಎರಡೂ ಬದಿ ಗೋಡೆ ಹಾಕಿದ್ದಾರೆ. ನಮ್ಮ ಬಂಡೀಪುರದ ರಸ್ತೆ ಜಗಳ ಗೊತ್ತಿರುವವರು ಇಲ್ಲಿ ನಿಧಾನವಾಗಿ ಹೋಗಿ ನೋಡಬೇಕು. ಕಾಡಿನಲ್ಲಿ ರಸ್ತೆ ಮಾಡಲೇಬೇಕು ಅಂತಾದರೆ ಕನಿಷ್ಠ ಇಷ್ಟಾದರೂ ಮಾಡಬೇಕು ಅಂತ ನನಗೆ ಅನ್ನಿಸುತ್ತದೆ.

ಸಿವನಿ ಹತ್ತಿರದ ಒಂದು ಢಾಬಾದಲ್ಲಿ ನಮ್ಮ ಕೆಎ ನಂಬರ್ ಪ್ಲೇಟ್ ನೋಡಿ ಒಬ್ಬ ಲಾರಿ ಡ್ರೈವರ್ ಬಂದು ಮಾತಾಡಿಸಿದರು. ಕೋಲಾರದ ಮಂಡಿಯಿಂದ ಟೊಮೆಟೊ ಲೋಡ್ ತಂದವರು. ಅಷ್ಟು ದೂರದಲ್ಲಿ ಕನ್ನಡ ಕೇಳಿ ನಮಗೂ ಖುಷಿ, ಅವರಿಗೂ ಖುಷಿ. ನಾವು ರಾತ್ರಿ ಓಡಿಸುವುದಿಲ್ಲ ಅಂದೆ. "ಒಳ್ಳೇದು ಸರ್. ನಮಗೆ ಮಾಲು ಕೊಳೆಯೋದ್ರೊಳಗೆ ಮುಟ್ಟಿಸ್ಬೇಕು, ಅದಕ್ಕೆ ಓಡ್ತೀವಿ. ನಿಮ್ಗೇನು ಅರ್ಜೆಂಟು?" ಅಂದರು. ಆಮೇಲೆ ನನ್ನ ಹೆಂಡತಿಗೆ, "ಅಕ್ಕಾ, ಮಳೆಗಾಲದಲ್ಲಂತೂ ಈ ಕಡೆ ಬರ್ಲೇಬೇಡಿ, ರೋಡ್ ತುಂಬ ದನ" ಅಂದರು. ಅದು ನಿಜ. ಹೊಲ, ಮಣ್ಣೆಲ್ಲ ಕೆಸರಾದಾಗ ದನಗಳು ಒಣಗಿರುವ ಟಾರು ಹುಡುಕಿಕೊಂಡು ಬಂದು ಹೆದ್ದಾರಿ ಮೇಲೇ ಮಲಗುತ್ತವೆ. ಕಪ್ಪು ರಸ್ತೆಯಲ್ಲಿ ಕಪ್ಪು ಎಮ್ಮೆ, ಎದುರಿನ ಲಾರಿಯ ಹೈ ಬೀಮ್. ಜುಲೈಯಿಂದ ಸೆಪ್ಟೆಂಬರ್‌ವರೆಗೆ ನಾವು ಈ ದಾರಿ ಹಿಡಿಯುವುದೇ ಇಲ್ಲ.

ಲಖನಾದೋನ್, ಆಮೇಲೆ ಬರಮಾನ್‌ನಲ್ಲಿ ನರ್ಮದೆ. ಇಲ್ಲಿ ಕಾರು ಪಕ್ಕಕ್ಕೆ ಹಾಕಿ, ಘಾಟ್‌ಗೆ ಇಳಿದು, ಕಾಲು ತೊಳೆದು ಬರುತ್ತೇವೆ. ರಾತ್ರಿಗೆ ಸಾಗರ್.

ಸಾಗರ್‌ನಿಂದ ಆಗ್ರಾವರೆಗೆ ರಾಜ್ಯಗಳು ಗೊಂದಲ ಆಗುವಷ್ಟು ಬೇಗ ಬದಲಾಗುತ್ತವೆ. ಲಲಿತಪುರ, ಝಾನ್ಸಿ ಉತ್ತರ ಪ್ರದೇಶ. ದತಿಯಾ, ಗ್ವಾಲಿಯರ್, ಮುರೇನಾ ಮತ್ತೆ ಮಧ್ಯಪ್ರದೇಶ. ಚಂಬಲ್ ದಾಟಿದರೆ ಧೋಲ್ಪುರ, ಅದು ರಾಜಸ್ಥಾನ. ಆಗ್ರಾ ಮತ್ತೆ ಉತ್ತರ ಪ್ರದೇಶ. ಗ್ವಾಲಿಯರ್ ಅನ್ನು ಮಧ್ಯಾಹ್ನದ ಹೊತ್ತಿಗೆ ದಾಟಿದರೆ ಚಂಬಲ್ ಹಗಲಿನಲ್ಲೇ ಸಿಗುತ್ತದೆ. ಎರಡೂ ದಡದಲ್ಲಿ ನೀರು ಕೊರೆದ ಮಣ್ಣಿನ ಕಣಿವೆಗಳು ಕಣ್ಣಿಗೆ ಕಾಣುವಷ್ಟು ದೂರ ಹೋಗುತ್ತವೆ. ನದಿ ಘರಿಯಾಲ್ ಮೊಸಳೆಗಳ ಅಭಯಾರಣ್ಯ.

ಡಿಸೆಂಬರ್, ಜನವರಿಯಲ್ಲಿ ಗ್ವಾಲಿಯರ್‌ನಿಂದ ಮೇಲೆ ಈ ಹಾಳೆಯ ಗಂಟೆಗಳೆಲ್ಲ ತಲೆಕೆಳಗು. ನಮ್ಮ ಕಡೆಯ ಮಂಜು ನೋಡಿ ಅಲ್ಲಿಯದನ್ನು ಊಹಿಸಬೇಡಿ, ಬಾನೆಟ್ ಮುಂದೆ ಏನೂ ಕಾಣದ ಬೆಳಗುಗಳು ಇರುತ್ತವೆ. ಬೇಗ ಹೊರಡುವುದೇ ಅಪಾಯ, ಹತ್ತು ಗಂಟೆಯವರೆಗೆ ರೂಮಿನಲ್ಲೇ ಇರಬೇಕು. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲಕ್ಕೆ ವೇಗದ ಮಿತಿಯನ್ನೇ ಇಳಿಸುತ್ತಾರೆ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತದೆ, ಡಿಮ್ ಮತ್ತು ಫಾಗ್ ಲ್ಯಾಂಪ್ ಸಾಕು. ಓಡುವಾಗ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗಬೇಡಿ. ನಿಂತಿದ್ದೀರೋ ಹೋಗುತ್ತಿದ್ದೀರೋ ಅಂತ ಹಿಂದಿನವನಿಗೆ ಗೊತ್ತಾಗುವುದಿಲ್ಲ. ಏನಾದರೂ ಆದರೆ ಹೆದ್ದಾರಿ ಸಹಾಯವಾಣಿ 1033, ಇಡೀ ದಾರಿಗೂ ಇದೇ ನಂಬರ್.

ಆಗ್ರಾದಿಂದ ದೆಹಲಿಗೆ ನಾನು ಮಥುರಾ ಕಡೆಯ 44ರಲ್ಲೇ ಹೋಗುತ್ತೇನೆ. ಪಾಸ್ ನಡೆಯುತ್ತದೆ, ಊರುಗಳು ಸಿಗುತ್ತವೆ. ಹೊರಡುವ ಮೊದಲು ದೆಹಲಿಯ ಗಾಳಿ ಹೇಗಿದೆ ನೋಡಿಕೊಳ್ಳಿ. ಗಾಳಿ ತೀರಾ ಕೆಟ್ಟು ಮೂರನೇ ಹಂತದ ನಿರ್ಬಂಧ ಬಂದರೆ ಹೊಗೆಯ ಮಾನದಂಡದಲ್ಲಿ ಹಳೆಯವಾದ ಬಿಎಸ್ 3 ಪೆಟ್ರೋಲ್, ಬಿಎಸ್ 4 ಡೀಸೆಲ್ ಕಾರುಗಳನ್ನು ದೆಹಲಿಯಲ್ಲೂ ಫರಿದಾಬಾದ್‌ನಲ್ಲೂ ಓಡಿಸುವಂತಿಲ್ಲ. ನಮ್ಮದು ಬಿಎಸ್ 4 ಡೀಸೆಲ್. ಹಾಗಾಗಿ ಅಂಥ ದಿನಗಳಲ್ಲಿ ಕಾರನ್ನು ಆಗ್ರಾದ ಹೋಟೆಲ್ ಅಂಗಳದಲ್ಲೇ ಬಿಟ್ಟು ರೈಲು ಹತ್ತುತ್ತೇವೆ.