ಬೋಟಿನ ಎಂಜಿನ್ ಆಯಿಲ್: ಕೆಳಗಿಂದಲ್ಲ, ಮೇಲಿಂದ ತೆಗೆಯಿರಿ

ಒಳ ಎಂಜಿನ್ ಇರುವ ಬೋಟಿನಲ್ಲಿ ಡ್ರೈನ್ ಬೋಲ್ಟ್‌ಗೆ (ಆಯಿಲ್ ಇಳಿಸಲು ತಳದಲ್ಲಿರುವ ಬೋಲ್ಟ್) ಕೈ ಎಟಕುವುದು ಅಪರೂಪ. ಎಟಕಿದರೂ ಕೆಳಗೆ ಡಬ್ಬ ಇಡಲು ಜಾಗವಿರದು. ಹಾಗಾಗಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೂತಿನಿಂದಲೇ ಪಂಪ್ ಹಾಕಿ ಎಳೆಯಬೇಕು.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಬೋಟು ದಡ ಸೇರುವ ಮುಂಚೆಯೇ ಆಯಿಲ್ ಬದಲಿಸಿ, ಆಗಸ್ಟ್‌ಗೆ ಬಿಡಬೇಡಿ. ಹಳೆ ಆಯಿಲಿನ ಆಮ್ಲ, ತೇವ ಎರಡು ತಿಂಗಳು ಬೇರಿಂಗ್ ತಿನ್ನುತ್ತವೆ.

ಎಂಜಿನ್ ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ಇನ್ನೊಂದು ಹತ್ತು ನಿಮಿಷ ಬಿಡಿ. ಆಯಿಲ್ ಬೆಚ್ಚಗಿದ್ದರೆ ಸಾಕು. ಕುದಿಬಿಸಿಗೆ ಪಂಪಿನ ತೆಳು ಪೈಪ್ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಪೈಪನ್ನು ಡಿಪ್‌ಸ್ಟಿಕ್ ತೂತಿನೊಳಗೆ, ಸಂಪಿನ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ತಳ ತಾಕುವವರೆಗೆ ಇಳಿಸಿ, ಪಂಪ್ ಒತ್ತಿ. ಬಂದದ್ದನ್ನು ಅಳೆಯಿರಿ. ಕೈಪಿಡಿ 5 ಲೀಟರ್ ಎಂದಿದ್ದು 3 ಮಾತ್ರ ಬಂದರೆ ಪೈಪ್ ಒಳಗೆ ಸುರುಳಿಯಾಗಿದೆ, ಇಲ್ಲವೇ ತಳ ಮುಟ್ಟಿಲ್ಲ. ಸ್ವಲ್ಪ ಎಳೆದು, ತಿರುಗಿಸಿ ಮತ್ತೆ ಇಳಿಸಿ. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಸೇರಿದೆ: ಕಾರಣ ಸಿಗುವವರೆಗೆ ಎಂಜಿನ್ ಚಾಲೂ ಮಾಡಬೇಡಿ.

ಹಳೆ ಆಯಿಲ್ ಫಿಲ್ಟರ್‌ಗೆ ಪ್ಲಾಸ್ಟಿಕ್ ಚೀಲ ತೊಡಿಸಿಯೇ ಬಿಚ್ಚಿ. ಹಳೆ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿಲ್ಲ ತಾನೇ? ಎರಡು ರಿಂಗ್ ಕೂತರೆ ಆಯಿಲ್ ಪೂರಾ ಚಿಮ್ಮುತ್ತದೆ. ಹೊಸ ಫಿಲ್ಟರಿನ ರಿಂಗಿಗೆ ಆಯಿಲ್ ಸವರಿ, ಅದು ಎಂಜಿನ್‌ಗೆ ತಾಗಿದ ಮೇಲೆ ಫಿಲ್ಟರನ್ನು ಕೈಯಿಂದಲೇ ಮುಕ್ಕಾಲು ಸುತ್ತು ತಿರುಗಿಸಿ, ಸ್ಪ್ಯಾನರ್ ಬೇಡ.

ಕೈಪಿಡಿ ಹೇಳಿದ ಗ್ರೇಡಿನ ಹೊಸ ಆಯಿಲನ್ನು ಹೊರತೆಗೆದ ಪ್ರಮಾಣಕ್ಕಿಂತ ತುಸು ಕಡಿಮೆ ಸುರಿಯಿರಿ. ಚಾಲೂ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಆಯಿಲ್ ಪ್ರೆಷರ್ ದೀಪ ಆರಬೇಕು. ನಿಲ್ಲಿಸಿ, ಐದು ನಿಮಿಷದ ನಂತರ ಡಿಪ್‌ಸ್ಟಿಕ್ ನೋಡಿ, ಕೊರತೆ ತುಂಬಿಸಿ. ಹಳೆಯದನ್ನು ಮುಚ್ಚಳದ ಕ್ಯಾನಿನಲ್ಲಿಟ್ಟು ಪರವಾನಗಿ ಇರುವ ಹಳೆ ಆಯಿಲ್ ಖರೀದಿದಾರರಿಗೆ ಕೊಡಿ; ನೀರಿಗಂತೂ ಸುರಿಯಲೇಬೇಡಿ.