ಇಟ್ಟಿಗೆ ಗೂಡಿನ ಮಕ್ಕಳನ್ನು ವರ್ಷದ ಮಧ್ಯದಲ್ಲಿ ಶಾಲೆಗೆ ಸೇರಿಸುವ ಬಗೆ

ದೀಪಾವಳಿ ಕಳೆದ ಮೇಲೆ ಕೋಲಾರ ಜಿಲ್ಲೆಯ ಮಾಲೂರು ಕಡೆಯ ಇಟ್ಟಿಗೆ ಗೂಡುಗಳಿಗೆ ಕುಟುಂಬಗಳು ಬಂದಿಳಿಯುವ ಹೊತ್ತಿಗೆ ಶಾಲೆ ಶುರುವಾಗಿ ಐದು ತಿಂಗಳಾಗಿರುತ್ತದೆ. ‘ದಾಖಲಾತಿ ಮುಗೀತು, ಟಿಸಿ ತಗೊಂಡು ಬನ್ನಿ’ ಎಂದಾಗ ತಾಯಿ ಹಿಂದಿರುಗಿದರೆ ಮಗುವಿನ ಆ ವರ್ಷ ಹೋದಂತೆಯೇ. ಹಾಗೆ ವಾಪಸ್ ಕಳಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ.

ಈ ಮಕ್ಕಳನ್ನು ಸೇರಿಸಲು ಶಾಲೆಗೆ ಹೋಗುವಾಗ 2009ರ ಶಿಕ್ಷಣ ಹಕ್ಕು ಕಾಯ್ದೆಯ ಮೂರು ಕಲಂಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಟಿಸಿ ತಡವಾಯಿತೆಂದು ಪ್ರವೇಶ ತಡೆಯುವಂತಿಲ್ಲ (ಕಲಂ 5). ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (14). ತಡವಾಗಿ ಬಂದರೂ ಸೇರಿಸಿಕೊಳ್ಳಬೇಕು (15). ಜನನ ಪ್ರಮಾಣಪತ್ರ ಇಲ್ಲದಿದ್ದರೆ ಅಂಗನವಾಡಿ ದಾಖಲೆ ಅಥವಾ ತಂದೆತಾಯಿಯ ಲಿಖಿತ ಹೇಳಿಕೆ ಸಾಕು.

ಗೂಡಿಗೆ ಸಂಜೆ ಹೋಗಿ. ಹಗಲಿನಲ್ಲಿ ಎಲ್ಲರ ಕೈಯೂ ಮಣ್ಣಲ್ಲಿರುತ್ತದೆ. ಮಗುವಿನ ಹೆಸರು, ವಯಸ್ಸು, ಹಿಂದೆ ಓದಿದ ಶಾಲೆ, ಊರು, ತಾಲ್ಲೂಕು, ತಾಯಿಯ ಫೋನ್ ನಂಬರ್ ಬರೆದುಕೊಳ್ಳಿ. ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡ ಹತ್ತು ವರ್ಷದ ಹುಡುಗಿ ಕಂಡರೆ ಮೊದಲು ಆ ಕೂಸಿನ ವ್ಯವಸ್ಥೆಯಾಗಬೇಕು. ಮೂರು ತುಂಬಿದ್ದರೆ ಅಂಗನವಾಡಿ. ಇನ್ನೂ ಚಿಕ್ಕದಾದರೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಯಲ್ಲಿ ಕೇಳಿ. ಇದಾಗದೆ ಅವಳ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇರುತ್ತದೆ.

ಹೆಚ್ಚು ಎಡವಟ್ಟಾಗುವುದು ರಾಜ್ಯದ ಪ್ರತಿ ವಿದ್ಯಾರ್ಥಿಗೂ ಒಂದು ನಂಬರ್ ಕೊಡುವ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ. ರಾಯಚೂರು, ಯಾದಗಿರಿಯಲ್ಲಿ ಓದಿದ ಮಗುವಿಗೆ ನಂಬರ್ ಆಗಲೇ ಇರುತ್ತದೆ. ಹುಡುಕುವ ಬೇಸರಕ್ಕೆ ಹೊಸದನ್ನು ಮಾಡಿಸಿದರೆ ಒಂದೇ ಮಗು ಎರಡು ಕಡೆ ಉಳಿಯುತ್ತದೆ. ಹಳೆಯ ಶಾಲೆಯ ಮುಖ್ಯ ಶಿಕ್ಷಕರಿಗೆ ಇಲ್ಲಿಯವರೇ ಫೋನ್ ಮಾಡಿ ವರ್ಗಾಯಿಸಿಕೊಳ್ಳಲಿ. ಆಗದಿದ್ದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರನ್ನು ಕೇಳಿ. ಹೆಸರನ್ನು ಹಳೆಯ ದಾಖಲೆಯಲ್ಲಿದ್ದಂತೆ ಅಕ್ಷರ ಬಿಡದೆ ಬರೆಯಿಸಿ. ‘ಎಲ್ಲಮ್ಮ’ ಇಲ್ಲಿ ‘ಯಲ್ಲಮ್ಮ’ ಆದರೆ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ವಿದ್ಯಾರ್ಥಿವೇತನಕ್ಕೂ ಅಲೆದಾಟ ತಪ್ಪದು. ಒಡಿಶಾ, ಬಿಹಾರದ ಮಕ್ಕಳಿಗೆ ಹೊಸ ನಂಬರ್ ಬೇಕು. ಯುಡೈಸ್‌ನ ಪೆನ್ ನಂಬರ್ (ಕೇಂದ್ರದ ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಡುವ ಕಾಯಂ ಸಂಖ್ಯೆ) ಇದ್ದರೆ ಅದನ್ನು ಕೊಡಿ.

ಓದು ಬರದಿದ್ದರೂ ಹತ್ತು ವರ್ಷದವರನ್ನು ಒಂದನೇ ತರಗತಿಯಲ್ಲಿ ಕೂರಿಸಲು ಒಪ್ಪಬೇಡಿ. ಕಲಂ 4ರಂತೆ ವಯಸ್ಸಿಗೆ ತಕ್ಕ ತರಗತಿ, ಜೊತೆಗೆ ವಿಶೇಷ ತರಬೇತಿ. ಪುಟ್ಟ ಮಕ್ಕಳ ನಡುವೆ ಕೂತ ಮಗು ನಾಚಿಕೆಯಿಂದಲೇ ಶಾಲೆ ಬಿಡುತ್ತದೆ. ತೆಲುಗು ಮಾತಾಡುವವರಿಗೆ ಈ ಸೀಮೆಯಲ್ಲಿ ಜೊತೆಗಾರರು ಸಿಗುತ್ತಾರೆ. ಒಡಿಯಾ ಮಗುವೇ ಹೆಚ್ಚು ಒಂಟಿ, ಅದನ್ನು ಮುಂದಿನ ಸಾಲಿನಲ್ಲೇ ಕೂರಿಸಲು ಹೇಳಿ.

ಹೋಲಿಕೆಗೆ ಚೀನಾವನ್ನು ನೋಡಿ. ಅಲ್ಲಿ 1958ರಿಂದ ಹುಕೌ ಎಂಬ ನೋಂದಣಿ ಜನರನ್ನು ಹುಟ್ಟೂರಿಗೆ ಕಟ್ಟಿಹಾಕಿದೆ. ವಲಸೆ ಮಕ್ಕಳ ಓದಿನ ಹೊಣೆ ತಂದೆತಾಯಿ ದುಡಿಯುವ ಊರಿನದು ಎಂದು 2006ರಲ್ಲಿ ಅಲ್ಲಿನ ಕಾಯ್ದೆಗೆ ಸೇರಿಸಿದರೂ ನಗರಗಳು ಕಾಗದಪತ್ರಗಳ ಮೇಲೆ ಕಾಗದಪತ್ರ ಕೇಳಿದವು. ಕಾಲೇಜು ಪ್ರವೇಶ ಪರೀಕ್ಷೆಗೆ ಎಷ್ಟೋ ಮಕ್ಕಳು ಹುಟ್ಟೂರಿಗೇ ಮರಳಬೇಕು. ಹಾಗಾಗಿ ಬಹಳ ಮಕ್ಕಳು ಅಜ್ಜಿ ತಾತನ ಬಳಿ ಉಳಿಯುತ್ತಾರೆ. ನಮ್ಮಲ್ಲಿ ಆ ಕಟ್ಟಿಲ್ಲ, ಓದಿದ ಊರಲ್ಲೇ ಎಸ್ಸೆಸ್ಸೆಲ್ಸಿ ಬರೆಯಬಹುದು. ಹಾಗಿದ್ದೂ ಒಂದು ಟಿಸಿಗಾಗಿ ಮಗುವನ್ನು ಹೊರಗೆ ನಿಲ್ಲಿಸುವುದು ಅನ್ಯಾಯ.

ಮಳೆಗಾಲಕ್ಕೆ ಮುಂಚೆ ಕುಟುಂಬಗಳು ಹೊರಡುವ ದಿನವನ್ನು ಮೇಸ್ತ್ರಿಯಿಂದ ಮೊದಲೇ ತಿಳಿದುಕೊಳ್ಳಿ. ಲೆಕ್ಕ ಚುಕ್ತಾ ಆದ ರಾತ್ರಿಯೇ ಲಾರಿ ಹೊರಡುವುದುಂಟು, ಆಮೇಲೆ ಟಿಸಿ ಕೊಡಲು ಯಾರೂ ಇರುವುದಿಲ್ಲ. ಟಿಸಿ, ಅಂಕಪಟ್ಟಿ, ಸ್ಯಾಟ್ಸ್ ನಂಬರ್ ಬರೆದ ಚೀಟಿ ಮೂರನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿಯ ಕೈಗೇ ಕೊಡಿ. ಚೀಟಿಯ ಹಿಂದೆ ಇಲ್ಲಿನ ಮುಖ್ಯ ಶಿಕ್ಷಕರ ಫೋನ್ ನಂಬರ್ ಇರಲಿ.